ಹಳಿಯ ಅಳತೆ

ರೈಲುಮಾರ್ಗಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೈಲಿಗಳಲ್ಲಿ ಎಣಿಸುತ್ತೇವೆ. ಅದನ್ನು ಅಗಲದಲ್ಲಿ ಎಣಿಸಿದರೆ ಬೇರೊಂದು ಕಥೆಯೇ ತೆರೆದುಕೊಳ್ಳುತ್ತದೆ.

1853ನೆಯ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ಗಾಡಿಯ ಹಳಿಗಳ ನಡುವಣ ಅಂತರ ಐದೂವರೆ ಅಡಿ. ದೇಶಕ್ಕೆಲ್ಲ ಒಂದೇ ಅಳತೆಯಿರಬೇಕೆಂದು ಲಾರ್ಡ್ ಡಾಲ್‌ಹೌಸಿ ಬಯಸಿದ್ದನು. ಆತನ ದೃಷ್ಟಿ ಸೈನ್ಯದ ಸಂಚಾರದ ಮೇಲೂ ವ್ಯಾಪಾರದ ಮೇಲೂ ಇದ್ದಿತಾದರೂ ಆ ಮಾತು ಮಾತ್ರ ದೂರದರ್ಶಿತ್ವದ್ದು. ಹಳಿ ಹಾಕಿದ ಆಂಗ್ಲ ಕಂಪನಿಗಳ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಭರವಸೆಯಿದ್ದಿತು. ಕೊರತೆಯನ್ನು ತುಂಬಿದುದು ಈ ನೆಲದ ತೆರಿಗೆ. ಹೀಗಾಗಿ ಮಿತವ್ಯಯದ ಚಿಂತೆ ಅವುಗಳನ್ನು ಬಾಧಿಸಲಿಲ್ಲ. ಆ ದುಂದಿಗೆ ಮದ್ದೆಂದು 1870ರ ಸುಮಾರಿಗೆ ಲಾರ್ಡ್ ಮೇಯೋನ ಆಡಳಿತ ಒಂದು ಮೀಟರಿನ ಹಳಿಯನ್ನು ತಂದಿತು. ವೆಚ್ಚ ತಗ್ಗಿತು, ದೇಶದ ಹಾದಿ ಎರಡಾಯಿತು.

ಅದರ ಫಲವನ್ನು ಬೆಂಗಳೂರು ಬಹುಕಾಲ ಉಂಡಿತು. 1864ರಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿ ಅಗಲವಾದುದು. 1882ರ ವೇಳೆಗೆ ಮೈಸೂರನ್ನು ಮುಟ್ಟಿದ ಹಳಿ ಕಿರಿದು. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. ಅಲ್ಲಿಂದ ಬಂದ ಮೂಟೆಯನ್ನು ಇಳಿಸಿ ಇಲ್ಲಿಗೆ ಏರಿಸುವ ಹೊರೆ ಕೂಲಿಯವನ ಬೆನ್ನಿಗೆ ಬಿದ್ದಿತು. 1876–78ರ ಘೋರ ಕ್ಷಾಮದಿಂದ ನಲುಗಿದ್ದ ಸಂಸ್ಥಾನಕ್ಕೆ ಅಗ್ಗದ ಹಳಿಯೇ ಎಟುಕುವಂಥದಾಗಿತ್ತೆಂಬುದನ್ನೂ ಮರೆಯಲಾಗದು. ಬಡವನಿಗೆ ಉಳಿತಾಯವೂ ದುಬಾರಿ.

ಸ್ವಾತಂತ್ರ್ಯಾನಂತರ 1951ರಿಂದ ಮೊದಲ್ಗೊಂಡು ಹಲವು ಕಂಪನಿಗಳ, ಸಂಸ್ಥಾನಗಳ ರೈಲುಗಳು ವಲಯಗಳಾಗಿ ಒಗ್ಗೂಡಿದವು. ಆಡಳಿತ ಒಂದಾದರೂ ಅಳತೆ ಒಂದಾಗಲಿಲ್ಲ. ಆ ಕಾರ್ಯವನ್ನು ದೇಶದಾದ್ಯಂತ ಸಂಕಲ್ಪಪೂರ್ವಕವಾಗಿ ಕೈಗೊಂಡುದು 1992ರಲ್ಲಿ. ಬೆಂಗಳೂರು–ಮೈಸೂರು ಮಾರ್ಗ ಅಗಲವಾದುದೂ ಅದೇ ದಶಕದಲ್ಲಿ. ಒಮ್ಮೆ ಹಾಕಿದ ಹಳಿಯನ್ನು ಕಿತ್ತು ಮತ್ತೊಮ್ಮೆ ಹಾಕಿದ ವೆಚ್ಚವನ್ನು ಹಿಂದಿನ ಉಳಿತಾಯದ ಲೆಕ್ಕಕ್ಕೆ ಸೇರಿಸಿದವರಾರು?

ಇದು ಮುಗಿದ ಕಥೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ಮುಂಬಯಿ–ಅಹಮದಾಬಾದ್ ನಡುವೆ ನಿರ್ಮಾಣಗೊಳ್ಳುತ್ತಿರುವ ಅತಿವೇಗದ ಮಾರ್ಗದ ಅಳತೆ 1,435 ಮಿಲಿಮೀಟರು. ಹೊರಗಿನಿಂದ ತಂದ ತಂತ್ರಜ್ಞಾನಕ್ಕೆ ಅದು ಸಹಜವಾದ ಅಳತೆಯೇ ಇರಬಹುದು. ಆದರೆ ಅದರ ಗಾಡಿ ನಮ್ಮ ಉಳಿದ ಹಳಿಗಳ ಮೇಲೆ ಓಡಲಾರದು. ಹೊಸ ಮಾರ್ಗಗಳನ್ನು ಯೋಜಿಸುವವರು ಇಂತಹ ತೊಡಕಿನ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಜನರ ಮುಂದಿಡಬೇಕು. ಉಳಿತಾಯಕ್ಕೆ ರುಜು ಹಾಕುವ ಕೈ ಒಂದು ತಲೆಮಾರಿನದು. ಹೊರೆ ಹೊರುವ ಬೆನ್ನು ಮುಂದಿನ ತಲೆಮಾರಿನದು.