ಫ್ರೀ ಅಂದ್ರೆ ಯಾವ ಫ್ರೀ?

‘ಫ್ರೀ’ಯಷ್ಟು ಕಳ್ಳ ಪದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ. ‘ಸಂಜೆ ಫ್ರೀನಾ?’ ಅಂದ್ರೆ ಬಿಡುವು. ‘ಸೀಟ್ ಫ್ರೀ ಇದೆ’ ಅಂದ್ರೆ ಖಾಲಿ. ‘ಫ್ರೀಯಾಗಿ ಮಾತಾಡಿ’ ಅಂದ್ರೆ ಸಂಕೋಚ ಬೇಡ. ‘ಶುಗರ್ ಫ್ರೀ’ ಅಂದ್ರೆ ಸಕ್ಕರೆ ಇಲ್ಲ. ‘ಎರಡು ಕೊಂಡರೆ ಒಂದು ಫ್ರೀ’ ಅಂದ್ರೆ ಮೂರರ ಬೆಲೆ ಎರಡರಲ್ಲೇ ಸೇರಿದೆ ಅಂತ. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದ ಇವೆ. ನಾವು ಎಲ್ಲದಕ್ಕೂ ಫ್ರೀ ಅಂದು ಕೈ ತೊಳ್ಕೊಂಡಿದ್ದೀವಿ. ಇದು ಕನ್ನಡಾಭಿಮಾನದ ತಕರಾರಲ್ಲ. ಏನು ಸಿಕ್ತು, ಯಾರ ಜೇಬಿಂದ ಹೋಯ್ತು ಅನ್ನೋದನ್ನ ಈ ಪದ ಮುಚ್ಚಿಡುತ್ತೆ ಅನ್ನೋದು ನನ್ನ ತಕರಾರು.

ನಮ್ಮ ಫೀಲ್ಡಿನದೇ ಕತೆ ನೋಡಿ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್‌ಗೆ ‘ಫ್ರೀ ಸಾಫ್ಟ್‌ವೇರ್’ ಅಂದ್ರೆ ಸ್ವಾತಂತ್ರ್ಯ: ಪ್ರೋಗ್ರಾಮನ್ನು ಓಡಿಸುವ, ಓದಿ ತಿದ್ದುವ, ಹಂಚುವ ಸ್ವಾತಂತ್ರ್ಯ. ದುಡ್ಡಿಗೆ ಮಾರಿದರೂ ಅದು ಫ್ರೀನೇ. ಆದರೆ ಜನಕ್ಕೆ ಕೇಳಿಸಿದ್ದು ‘ಪುಕ್ಕಟೆ’. ವಿವರಿಸಿ ವಿವರಿಸಿ ಸಾಕಾಗಿ, 1998ರಲ್ಲಿ ಕೆಲವರು ‘ಓಪನ್ ಸೋರ್ಸ್’ ಅನ್ನೋ ಹೊಸ ಹೆಸರನ್ನೇ ಹುಟ್ಟುಹಾಕಿದರು. ಕನ್ನಡದಲ್ಲಿ ‘ಸ್ವತಂತ್ರ ತಂತ್ರಾಂಶ’ ಅಂದ್ರೆ ಮುಗೀತು. ಯಾರೂ ಪುಕ್ಕಟೆ ಅಂತ ತಿಳ್ಕೊಳ್ಳಲ್ಲ.

2015ರಲ್ಲಿ ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ಅಂತ ಬಂತು. ಡೇಟಾಗೆ ದುಡ್ಡಿಲ್ಲ, ಆದರೆ ಅವರು ಒಪ್ಪಿದ ತಾಣಗಳನ್ನಷ್ಟೇ ನೋಡಬೇಕು. ಪುಕ್ಕಟೆ ಹೌದು, ಸ್ವತಂತ್ರ ಅಲ್ಲ. ತಾಣಕ್ಕೊಂದು ದರ ಹಾಕುವಂತಿಲ್ಲ ಅಂತ 2016ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಮಾಡಿದ ಮೇಲೆ ಅದು ಇಲ್ಲಿಂದ ಗಂಟುಮೂಟೆ ಕಟ್ಟಿತು.

ಇನ್ನು ಕನ್ನಡದ ಪದಗಳಿಗೆ ಬನ್ನಿ. ‘ಉಚಿತ’ದ ಮೂಲ ಅರ್ಥ ತಕ್ಕದ್ದು, ಸರಿಯಾದದ್ದು. ‘ಸಮಯೋಚಿತ’ದಲ್ಲಿ ಅದು ಇನ್ನೂ ಉಸಿರಾಡ್ತಿದೆ. ‘ಬಿಟ್ಟಿ’ಯ ಜಾತಕ ಬೇರೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಪದ, ಕೂಲಿ ಕೊಡದೆ ದುಡಿಸಿಕೊಳ್ಳೋದು ಅಂತ ಅರ್ಥ. ಊರ ಕಡೆ ‘ಬಿಟ್ಟಿ ಚಾಕರಿ’ ಅಂದ್ರೆ ಇವತ್ತಿಗೂ ಅದೇ. ಅಂದ್ರೆ ಬಿಟ್ಟಿ ಕೊಡ್ತಿದ್ದವನು ಬಡವ, ತಿಂತಿದ್ದವನು ಧಣಿ. ಮ್ಯಾನೇಜರ್ ‘ಶನಿವಾರ ಫ್ರೀನಾ?’ ಅಂತ ಕೇಳಿದಾಗ ಎಷ್ಟೋ ಸಲ ಕೇಳ್ತಿರೋದು ಬಿಡುವಲ್ಲ ಗುರು, ಬಿಟ್ಟಿ.

ಈಗ ಬಸ್ಸಿನ ವಿಷಯ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಆಫೀಸಿನ ಕೆಫೆಟೇರಿಯಾದಲ್ಲಿ ಕೂತು ನಮ್ಮವರು ಅದನ್ನ ‘ಫ್ರೀಬಿ’, ‘ಬಿಟ್ಟಿ ಭಾಗ್ಯ’ ಅಂತಾರೆ. ಇವರು ಬಂದಿಳಿದ ಕ್ಯಾಬ್ ಮಾತ್ರ ‘ಬೆನಿಫಿಟ್’, ಕುಡೀತಿರೋ ಕಾಫಿ ‘ಕಾಂಪ್ಲಿಮೆಂಟರಿ’! ಎರಡರಲ್ಲೂ ಕೂತವರು ಟಿಕೆಟ್ ಕೊಂಡಿಲ್ಲ, ಎರಡಕ್ಕೂ ಬೇರೆ ಯಾರೋ ದುಡ್ಡು ಕಟ್ಟಿದ್ದಾರೆ. ಬದಲಾಗಿದ್ದು ವಿಶೇಷಣ ಅಷ್ಟೇ. ‘ನಮ್ಮದು ದುಡಿಮೆಗೆ ಸಿಕ್ಕಿದ್ದು’ ಅಂತೀರಾ? ಆ ಬಸ್ಸಲ್ಲಿರೋ ಹೆಂಗಸು ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು, ರೊಟ್ಟಿ ತಟ್ಟಿ, ಅತ್ತೆಗೆ ನೀರು ಕಾಯಿಸಿಟ್ಟು ಬಂದಿರ್ತಾಳೆ. ಅದಕ್ಕೆ ಯಾವ ಸ್ಯಾಲರಿ ಸ್ಲಿಪ್ಪೂ ಇಲ್ಲ. ಅವಳು ಕೊಳ್ಳೋ ಸೋಪಿನ ಮೇಲೂ ತೆರಿಗೆ ಇದೆ. ಹಳೇ ಅರ್ಥ ಹಿಡಿದು ನೋಡಿದ್ರೆ ಅವಳು ಬಿಟ್ಟಿ ತಿಂತಿಲ್ಲ, ದಿನಾ ಕೊಡ್ತಿದ್ದಾಳೆ.

ಯೋಜನೆ ಖಜಾನೆಗೆ ಭಾರವೋ ಅಲ್ಲವೋ ಅಂತ ಲೆಕ್ಕ ಇಟ್ಟು ಜಗಳ ಆಡಿ, ಬೇಡ ಅನ್ನಲ್ಲ. ಆದರೆ ಲೆಕ್ಕ ಇಡಬೇಕಾದ ಜಾಗದಲ್ಲಿ ಬೈಗುಳ ಇಡಬೇಡಿ. ಉಚಿತ, ಪುಕ್ಕಟೆ, ಬಿಟ್ಟಿ, ಸ್ವತಂತ್ರ ಅಂತ ನಾಲ್ಕು ಪದ ಕೈಯಲ್ಲಿವೆ. ಯಾರು ಕೊಟ್ಟರು, ಯಾರು ಪಡೆದರು ಅಂತ ನೋಡಿ ಆರಿಸಿಕೊಳ್ಳಿ. ಅದಕ್ಕೇನೂ ದುಡ್ಡು ಕೊಡಬೇಕಿಲ್ಲ.