ಸುಮ್ಮನೆ ಕುಳಿತವರ ಮಾತು

ಯುವ ಗೆಳೆಯರೆ,

ಸಂಘದ ಸಭೆಗಳಲ್ಲಿ ನಿಮ್ಮಲ್ಲಿ ಹಲವರು ಬಾಯಿ ಬಿಡುವುದೇ ಇಲ್ಲ. ಹೇಳಲು ಏನೂ ಇಲ್ಲವೆಂದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ, ಶಾಲೆಯಲ್ಲಿ ಇಂಗ್ಲಿಷು - ಹೀಗೆ ಬೆಳೆದವರಿಗೆ ಹಿರಿಯರೆದುರು ತಮ್ಮ ಕನ್ನಡ ಎಲ್ಲಿ ತೊಡರುವುದೋ ಎಂಬ ಅಳುಕು. ನಾಳೆ ಈ ಸಭೆಗಳನ್ನು ನಡೆಸುವವರು ನೀವೇ. ಆಗ ನಿಮ್ಮೆದುರೂ ಸುಮ್ಮನೆ ಕುಳಿತವರು ಇರುತ್ತಾರೆ. ಅವರನ್ನು ಮಾತನಾಡಿಸುವುದು ಹೇಗೆ?

ಇದರ ಪಾಠ ಹತ್ತಿರದಲ್ಲೇ ಇದೆ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. 1956ರವರೆಗೆ ಅದು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಅನುಭವ ಮಂಟಪ ನಡೆಯಿತೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಬಿಜ್ಜಳನ ಮಂತ್ರಿ. ಆದರೂ ಮಂಟಪದ ಪೀಠದಲ್ಲಿ ತಾವು ಕೂರಲಿಲ್ಲ, ಅಲ್ಲಮಪ್ರಭುಗಳನ್ನು ಕೂರಿಸಿದರು. ಅಧಿಕಾರವಿದ್ದವರು ಪಕ್ಕಕ್ಕೆ ಸರಿದರೆ ಉಳಿದವರಿಗೆ ಬಾಯಿ ಬರುತ್ತದೆ.

ಅಲ್ಲಿ ಬಟ್ಟೆ ಮಡಿ ಮಾಡುವ ಮಾಚಯ್ಯನವರಿದ್ದರು, ದೋಣಿ ನಡೆಸುವ ಚೌಡಯ್ಯನವರಿದ್ದರು. ಯಾರೂ ಅವರಿಂದ ಸಂಸ್ಕೃತ ಕೇಳಲಿಲ್ಲ. ತಮ್ಮ ಆಡುಮಾತಿನಲ್ಲೇ ಅವರು ವಚನ ನುಡಿದರು. ಹಾಗೆಂದು ಎಲ್ಲಕ್ಕೂ ತಲೆದೂಗುವ ಸಭೆಯಲ್ಲ ಅದು. ಅಕ್ಕಮಹಾದೇವಿ ಬಂದಾಗ ಅಲ್ಲಮರು ಕಠಿಣವಾದ ಪ್ರಶ್ನೆಗಳನ್ನೇ ಕೇಳಿದರು. ಆಕೆಯ ಉತ್ತರ ಕೇಳಿ ಗೌರವಿಸಿದರು ಎನ್ನುತ್ತದೆ 'ಶೂನ್ಯಸಂಪಾದನೆ'. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಿದ್ದಿದ ಕಥೆಯೂ ಪ್ರಸಿದ್ಧ. ಪ್ರಶ್ನಿಸುವುದು ಅವಮಾನವಲ್ಲ, ಕೇಳಿಸಿಕೊಳ್ಳದಿರುವುದು ಅವಮಾನ.

ನಾವು ಮಾಡಬಹುದಾದದ್ದು ಇಷ್ಟು. ಚರ್ಚೆಯ ವಿಷಯವನ್ನು ಮೊದಲೇ ತಿಳಿಸಿ. ಅಳುಕುವವರು ಯೋಚಿಸಿಕೊಂಡು ಬರುತ್ತಾರೆ. ಕಿರಿಯರಿಂದ ಮಾತು ಆರಂಭವಾಗಲಿ; ಹಿರಿಯರ ಅಭಿಪ್ರಾಯ ಹೊರಬಿದ್ದ ಮೇಲೆ ಕಿರಿಯರು ಹೂಂಗುಟ್ಟುವುದೇ ಹೆಚ್ಚು. ಅಧ್ಯಕ್ಷರು ತಮ್ಮ ಮಾತನ್ನು ಕೊನೆಗಿಟ್ಟುಕೊಳ್ಳಲಿ. ನಡುವೆ ತೆಲುಗು ಪದ ನುಸುಳಿದರೆ ನಗಬೇಡಿ; ವಿಚಾರ ಪೂರ್ತಿಯಾಗಲಿ, ಕನ್ನಡ ಪದವನ್ನು ಆಮೇಲೆ ಮೆಲ್ಲನೆ ಹೇಳಿಕೊಡಿ. ಸಲಹೆ ಕೊಟ್ಟವರ ಹೆಸರು ನಡಾವಳಿ ಪುಸ್ತಕದಲ್ಲಿ ಬರಲಿ. ಸಲಹೆಯನ್ನು ಒಪ್ಪದಿದ್ದರೆ ಕಾರಣ ಹೇಳಿ.

ನಾಲ್ಕೇ ಜನ ಮಾತಾಡಿ ಗೊತ್ತುಮಾಡಿದ ರಾಜ್ಯೋತ್ಸವಕ್ಕೆ ದುಡಿಯಲೂ ನಾಲ್ಕೇ ಜನ ಉಳಿಯುತ್ತಾರೆ. ತನ್ನ ಮಾತು ಸೇರಿದ ಕೆಲಸಕ್ಕೆ ಯಾರೂ ಕರೆಯದೆಯೇ ಕೈ ಸೇರುತ್ತದೆ. ಮುಂದಿನ ಸಭೆಯಲ್ಲಿ ನಿಮ್ಮ ಪಕ್ಕದಲ್ಲಿ ಸುಮ್ಮನೆ ಕುಳಿತವರನ್ನು, "ನಿಮಗೇನನ್ನಿಸುತ್ತದೆ?" ಎಂದು ಕೇಳಿ ನೋಡಿ. ಉತ್ತರ ಬರುವವರೆಗೆ ಕಾಯಿರಿ.