ಗುಳ್ಳೆ ಇರುವುದು ಅಂದಕ್ಕಲ್ಲ

ಅಕ್ವೇರಿಯಂನ ಗಾಳಿ ಪಂಪು ಗುಂಯ್‌ಗುಡುತ್ತದೆ, ನಿದ್ದೆ ಬರುವುದಿಲ್ಲ ಎಂದು ರಾತ್ರಿ ಹತ್ತಕ್ಕೆ ಸ್ವಿಚ್ ಆರಿಸುವ ಮನೆಗಳು ಬೇಕಾದಷ್ಟಿವೆ. ಗುಳ್ಳೆ ನೋಡಲು ಚೆಂದ, ಎಲ್ಲರೂ ಮಲಗಿದ ಮೇಲೆ ಯಾರಿಗೆ ಬೇಕು ಎಂಬ ಲೆಕ್ಕ. ಲೆಕ್ಕ ನಮ್ಮದು, ನಷ್ಟ ಮೀನಿನದು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿಟ್ಟುಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು 32 ಡಿಗ್ರಿಗೆ ಕಾದರೆ ಅದೂ 7.3ರ ಹತ್ತಿರಕ್ಕೆ ಇಳಿಯುತ್ತದೆ. ಅದೇ ಸೆಕೆಗೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಚೆನ್ನೈ, ಹೈದರಾಬಾದಿನ ಮೇ ತಿಂಗಳಲ್ಲಿ ಈ ಎರಡೂ ಒಟ್ಟಿಗೇ ಬರುತ್ತವೆ.

ಆಮ್ಲಜನಕ ಹೆಚ್ಚಾಗಿ ನೀರಿಗಿಳಿಯುವುದು ಮೇಲ್ಮೈಯಿಂದ. ಗುಳ್ಳೆಯ ನಿಜವಾದ ಕೆಲಸ ತಳದ ನೀರನ್ನು ಮೇಲೆತ್ತಿ ಮೇಲ್ಮೈಯನ್ನು ಕದಡುವುದು. ಫಿಲ್ಟರಿನ ಹರಿವೇ ಆ ಕೆಲಸ ಮಾಡುತ್ತಿದ್ದರೆ ಬೇರೆ ಪಂಪು ಬೇಕಾಗದಿರಬಹುದು. ಆದರೆ ಎರಡನ್ನೂ ರಾತ್ರಿ ನಿಲ್ಲಿಸುವುದು ಸಲ್ಲ. ಹಗಲಿನಲ್ಲಿ ಆಮ್ಲಜನಕ ಕೊಡುವ ಗಿಡಗಳು ಕತ್ತಲಲ್ಲಿ ಅದನ್ನು ಬಳಸುತ್ತವಷ್ಟೇ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.

ಸದ್ದಿಗೆ ಪರಿಹಾರ ಸುಲಭ: ಪಂಪಿನ ಅಡಿಗೆ ದಪ್ಪ ಸ್ಪಂಜು ಇಡಿ. ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿಯದಂತೆ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಇಲ್ಲವೇ ಚೆಕ್ ವಾಲ್ವ್ ಹಾಕಿ. ಬ್ಯಾಟರಿ ಪಂಪೊಂದು ಮನೆಯಲ್ಲಿರಲಿ.

ಪರಿಹಾರವಿಲ್ಲದ್ದು ಗಾಜಿನ ದುಂಡು ಬೋಗುಣಿಗೆ. ಬಾಯಿ ಕಿರಿದು, ನೀರು ಕಡಿಮೆ. ಗೇಣುದ್ದ ಬೆಳೆಯಬಲ್ಲ ಗೋಲ್ಡ್‌ಫಿಶ್ಶನ್ನು ಅದರಲ್ಲಿ ಬಿಟ್ಟು ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತೇವೆ. 'ಬೆಟ್ಟಾ ಬದುಕುತ್ತದಲ್ಲ' ಎನ್ನುವವರಿದ್ದಾರೆ. ಬೆಟ್ಟಾಗೆ ಮೇಲೆ ಬಂದು ನೇರ ಗಾಳಿ ಗುಟುಕರಿಸುವ ಅಂಗವಿದೆ, ಗೋಲ್ಡ್‌ಫಿಶ್‌ಗೆ ಅದಿಲ್ಲ. ಬೆಟ್ಟಾಗಾದರೂ ಕೊಳೆತ ನೀರು ವಿಷವೇ. ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಯಿರಲಿ, ಬೀದಿ ಮೂಲೆಯ ಅಂಗಡಿಯಿರಲಿ, ಈ ಬೋಗುಣಿ ಮಾರುವುದನ್ನು ನಿಲ್ಲಿಸಬೇಕು. ಅವರು ನಿಲ್ಲಿಸುವವರೆಗೆ ನಾವು ಕೊಳ್ಳುವುದನ್ನು ನಿಲ್ಲಿಸಬಹುದು.

ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವೆಂದು ಕಾಳು ಹಾಕಬೇಡಿ. ಮೊದಲು ಪಂಪು ನೋಡಿ.